ಸೇವೆಗೂ ಲೆಕ್ಕವುಂಟು



ನಮ್ಮ ಯಾವುದೇ ಧರ್ಮಕೇಂದ್ರದ ಕುಟುಂಬಗಳ ಪಟ್ಟಿಯನ್ನು ತೆರೆದು ನೋಡಿ. ದಾದಿಯ ವೃತ್ತಿಯಲ್ಲಿರುವ ಮಗಳೋ ಸೊಸೆಯೋ ಸೋದರಿಯೋ ಅದರಲ್ಲಿ ಸಿಗದೇ ಇರುವುದು ಅಪರೂಪ. ಕೆಲವರು ನಮ್ಮ ಊರಿನ ಆಸ್ಪತ್ರೆಯಲ್ಲಿ, ಕೆಲವರು ಬೆಂಗಳೂರಿನಲ್ಲಿ, ಇನ್ನು ಕೆಲವರು ಕೊಲ್ಲಿ ರಾಷ್ಟ್ರಗಳಲ್ಲಿ ಅಥವಾ ಇಂಗ್ಲೆಂಡ್, ಐರ್ಲೆಂಡ್‌ಗಳಲ್ಲಿ. ಪ್ರತಿವರ್ಷ ಮೇ 12ರಂದು, ಫ್ಲಾರೆನ್ಸ್ ನೈಟಿಂಗೇಲ್ ಹುಟ್ಟಿದ ದಿನ, ಇವರನ್ನು ನೆನೆಯುತ್ತೇವೆ. ಕೈಗೊಂದು ಗುಲಾಬಿ ಕೊಟ್ಟು, ‘ನಿಮ್ಮದು ಉದ್ಯೋಗವಲ್ಲ, ಸೇವೆ’ ಎಂದು ಹೊಗಳುತ್ತೇವೆ. ಮಾತು ಒಳ್ಳೆಯದೇ. ಆದರೆ ಆ ಮಾತಿನ ಮರೆಯಲ್ಲಿ ಒಂದು ಪ್ರಶ್ನೆ ಅಡಗಿ ಕುಳಿತುಬಿಡುತ್ತದೆ. ಸೇವೆಯಲ್ಲಿ ತಪ್ಪಾದರೆ ಉತ್ತರ ಹೇಳಬೇಕಾದವರು ಯಾರು? ಯಾರಿಗೆ? ದಾದಿಯನ್ನು ರಾತ್ರಿ ಪಾಳಿಗೆ ನೇಮಿಸಿದ ಆಡಳಿತದವರು ಯಾರಿಗೆ ಉತ್ತರ ಹೇಳಬೇಕು?

ಸೇವೆ ಎಂದ ಮೇಲೆ ಲೆಕ್ಕ ಏಕೆ ಎನ್ನುವವರು ಲೂಕನ ಶುಭಸಂದೇಶದ ಸಮಾರಿಯದವನ ಸಾಮತಿಯನ್ನು ಇನ್ನೊಮ್ಮೆ ಓದಬೇಕು. ನಾವು ಬೋಧನೆಗಳಲ್ಲಿ ಆತನ ಕರುಣೆಯನ್ನು ಕುರಿತು ಧಾರಾಳವಾಗಿ ಮಾತನಾಡುತ್ತೇವೆ, ಛತ್ರದವನೊಡನೆ ಆತ ಮಾಡಿಕೊಂಡ ವ್ಯವಹಾರವನ್ನು ಬಿಟ್ಟುಬಿಡುತ್ತೇವೆ. ಆತ ಎರಡು ದಿನಾರಿ ನಾಣ್ಯಗಳನ್ನು ಎಣಿಸಿ ಕೊಟ್ಟ. ಆರೈಕೆಯನ್ನು ಒಬ್ಬ ನಿರ್ದಿಷ್ಟ ವ್ಯಕ್ತಿಯ ಕೈಗೆ ಒಪ್ಪಿಸಿದ. ಹಿಂತಿರುಗಿ ಬಂದು ಹೆಚ್ಚಿನ ಖರ್ಚನ್ನು ತೀರಿಸುವೆನೆಂದು ಮಾತು ಕೊಟ್ಟ. ಹಿಂತಿರುಗಿ ಬಂದಾಗ ಗಾಯಾಳು ಹೇಗಿದ್ದಾನೆಂದು ಆತ ಕೇಳದೆ ಇರುತ್ತಿದ್ದನೇ?

ಇತಿಹಾಸದಲ್ಲಿ ಈ ಲೆಕ್ಕದ ಪ್ರಶ್ನೆ ನಮ್ಮ ಧರ್ಮಸಭೆಯನ್ನೇ ಬಹಳ ಕಾಲ ಕಾಡಿದೆ. ರೋಗಿಗಳ ಆರೈಕೆ ಮಠಗಳಲ್ಲಿ ಆರಂಭದಿಂದಲೂ ಇತ್ತು. ಆದರೆ 1139ರ ಎರಡನೆಯ ಲ್ಯಾಟರನ್ ಮಹಾಸಭೆ, ಮಠವಾಸಿಗಳು ಹಣದಾಸೆಗಾಗಿ ವೈದ್ಯವಿದ್ಯೆಯನ್ನೂ ಕಾನೂನನ್ನೂ ಕಲಿಯುವುದನ್ನು ನಿಷೇಧಿಸಿತು. 1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆ, ಉನ್ನತ ಯಾಜಕ ದೀಕ್ಷೆಯವರು ಕೊಯ್ಯುವ, ಸುಡುವ ಶಸ್ತ್ರಚಿಕಿತ್ಸೆಗೆ ಕೈ ಹಾಕಬಾರದೆಂದು ವಿಧಿಸಿತು. ಅಂದಿನ ಕಾಲಕ್ಕೆ ಇವು ಅರ್ಥವಿಲ್ಲದ ನಿಯಮಗಳೇನೂ ಅಲ್ಲ. ಆದರೆ 1917ರ ಧರ್ಮಸಭಾ ಕಾನೂನು ಸಂಹಿತೆಯಲ್ಲಿಯೂ ಈ ನಿಷೇಧ ಉಳಿದುಕೊಂಡಿತು. ರೋಮಿನ ವಿಶೇಷ ಅನುಮತಿಯಿಲ್ಲದೆ ಯಾಜಕರು ವೈದ್ಯವೃತ್ತಿ ನಡೆಸುವಂತಿರಲಿಲ್ಲ, ಅದೇ ನಿಯಮ ವ್ರತಧಾರಿ ಸನ್ಯಾಸಿ ಸನ್ಯಾಸಿನಿಯರಿಗೂ ಅನ್ವಯಿಸುತ್ತಿತ್ತು. ಕನ್ಯಾಸ್ತ್ರೀಯರು ಹೆರಿಗೆ ಮಾಡಿಸುವುದಂತೂ ಅವರ ವ್ರತಕ್ಕೆ ಒಪ್ಪದ ಕೆಲಸವೆಂದೇ ಭಾವಿಸಲಾಗಿತ್ತು.

ಇದರ ಬೆಲೆ ತೆತ್ತವರಲ್ಲಿ ಭಾರತದ ತಾಯಂದಿರೂ ಇದ್ದರು. ಪರದೆಯ ಪದ್ಧತಿಯಿದ್ದ ಮನೆಗಳಲ್ಲಿ ಪುರುಷ ವೈದ್ಯರಿಗೆ ಪ್ರವೇಶವಿರಲಿಲ್ಲ. ಒಳಗೆ ಹೋಗಬಹುದಾಗಿದ್ದ ಕನ್ಯಾಸ್ತ್ರೀಯರಿಗೆ ಕಾನೂನಿನ ಅಡ್ಡಿ. ಸ್ಕಾಟ್ಲೆಂಡಿನ ವೈದ್ಯೆ ಆಗ್ನೆಸ್ ಮೆಕ್ಲಾರೆನ್ ಅವರಿಗೆ ಇದು ಸಹಿಸಲಾಗದ ಸಂಗತಿಯಾಯಿತು. ಅರವತ್ತು ದಾಟಿದ ಮೇಲೆ ಕಥೋಲಿಕರಾದ ಈ ಮಹಿಳೆ, ಅಂದಿನ ಭಾರತದ ರಾವಲ್ಪಿಂಡಿಯಲ್ಲಿ ಸಂತ ಕ್ಯಾಥರೀನಳ ಹೆಸರಿನ ಆಸ್ಪತ್ರೆಗೆ ಕಾರಣರಾದರು. ನಿಷೇಧವನ್ನು ತೆಗೆಯಬೇಕೆಂದು ಹಲವು ಬಾರಿ ರೋಮಿಗೆ ಹೋಗಿ ಮನವಿ ಮಾಡಿದರು. ಉತ್ತರ ಕಾಣದೆಯೇ 1913ರಲ್ಲಿ ತೀರಿಕೊಂಡರು. ಅವರ ಪ್ರೇರಣೆಯಿಂದ ವೈದ್ಯಕೀಯ ಓದಿದ ಆಸ್ಟ್ರಿಯಾದ ಅನ್ನಾ ಡೆಂಗೆಲ್ 1920ರಲ್ಲಿ ಅದೇ ರಾವಲ್ಪಿಂಡಿಗೆ ಬಂದು ದುಡಿದು, 1925ರಲ್ಲಿ ಅಮೆರಿಕದ ವಾಷಿಂಗ್ಟನ್ ನಗರದಲ್ಲಿ ‘ಮೆಡಿಕಲ್ ಮಿಷನ್ ಸಿಸ್ಟರ್ಸ್’ ಸಂಸ್ಥೆಯನ್ನು ಆರಂಭಿಸಿದರು. ಕಾನೂನಿನ ಕಾರಣದಿಂದ ಆ ಸೋದರಿಯರು ಹನ್ನೊಂದು ವರ್ಷ ಬಹಿರಂಗ ವ್ರತಗಳಿಲ್ಲದೆಯೇ ಬಾಳಿದರು. ಆಸ್ಟ್ರೇಲಿಯದ ವೈದ್ಯೆ ಮೇರಿ ಗ್ಲೌರಿ 1920ರಲ್ಲಿ ಗುಂಟೂರಿಗೆ ಬಂದು ಕನ್ಯಾಸ್ತ್ರೀಯಾದಾಗ, ವೈದ್ಯವೃತ್ತಿ ಮುಂದುವರಿಸಲು ಜಗದ್ಗುರು ಹದಿನೈದನೆಯ ಬೆನೆಡಿಕ್ಟರ ವಿಶೇಷ ಅನುಮತಿಯೇ ಬೇಕಾಯಿತು. ಈ ಮಹಾತಾಯಿ 1943ರಲ್ಲಿ ಭಾರತದ ಕಥೋಲಿಕ ಆಸ್ಪತ್ರೆಗಳ ಸಂಘಕ್ಕೆ ಅಡಿಪಾಯ ಹಾಕಿ, 1957ರ ಮೇ 5ರಂದು ನಮ್ಮ ಬೆಂಗಳೂರಿನಲ್ಲಿಯೇ ಕೊನೆಯುಸಿರೆಳೆದರು.

ಕೊನೆಗೂ 1936ರ ಫೆಬ್ರವರಿ 11ರಂದು, ಲೂರ್ದು ಮಾತೆಯ ಹಬ್ಬದ ದಿನ, ರೋಮಿನ ಧರ್ಮಪ್ರಚಾರ ಪರಿಷತ್ತು ‘ಕೊನ್‌ಸ್ತಾನ್ಸ್ ಆಕ್ ಸೇದುಲಾ’ ಎಂಬ ನಿರೂಪವನ್ನು ಹೊರಡಿಸಿ, ಧರ್ಮಪ್ರಚಾರದ ನಾಡುಗಳಲ್ಲಿ ಕನ್ಯಾಸ್ತ್ರೀಯರು ತಾಯಿ ಮಕ್ಕಳ ಆರೈಕೆ ಮಾಡಬಹುದೆಂದು ಬಾಗಿಲು ತೆರೆಯಿತು. ಈ ಅನುಮತಿಯನ್ನು ಎಲ್ಲರೂ ಸ್ಮರಿಸುತ್ತಾರೆ. ಅದರ ಜೊತೆಗಿದ್ದ ಷರತ್ತನ್ನು ಸ್ಮರಿಸುವವರು ಕಡಿಮೆ. ಈ ಹೊಸ ಕೆಲಸಕ್ಕೆ ತಕ್ಕ ವೃತ್ತಿಕೌಶಲ ಬೇಕು, ಆದ್ದರಿಂದ ಸೋದರಿಯರು ವೈದ್ಯರೆಂದೋ ದಾದಿಯರೆಂದೋ ಪ್ರಮಾಣಪತ್ರವನ್ನು ಪಡೆದಿರಲೇಬೇಕು ಎಂದು ಆ ನಿರೂಪ ಹೇಳಿತು. ಗಮನಿಸಿ: ವ್ರತ ಸ್ವೀಕರಿಸಿದ್ದಾಳೆ, ಪ್ರಾರ್ಥನೆ ಮಾಡುತ್ತಾಳೆ, ಕರುಣೆಯುಳ್ಳವಳು, ಅಷ್ಟೇ ಸಾಕು ಎಂದು ಧರ್ಮಸಭೆ ಹೇಳಲಿಲ್ಲ. ರೋಗಿಯ ಮೈ ಮುಟ್ಟುವ ಮುನ್ನ ಪರೀಕ್ಷೆಗೆ ಕುಳಿತು ತೇರ್ಗಡೆಯಾಗು ಎಂದಿತು. ಗುರುಮಠದ ತರಗತಿಗಳಲ್ಲಿ ನಾವು ಕಾನೂನಿನ ಎಷ್ಟೋ ವಿಧಿಗಳನ್ನು ಬಾಯಿಪಾಠ ಮಾಡಿದೆವು. ಈ ಒಂದು ವಾಕ್ಯಕ್ಕೆ ಅಲ್ಲಿ ಇನ್ನಷ್ಟು ಜಾಗ ಸಿಗಬೇಕಾಗಿತ್ತೆಂದು ನನಗೆ ಅನ್ನಿಸುತ್ತದೆ.

ಪ್ರಮಾಣಪತ್ರ ಬೇಕೆಂಬ ಈ ವಿಚಾರ ಅಷ್ಟು ಹೊತ್ತಿಗೆ ಹೊರಜಗತ್ತಿನಲ್ಲಿ ದೊಡ್ಡ ಜಗಳವೊಂದನ್ನು ದಾಟಿ ಬಂದಿತ್ತು. ಆ ಜಗಳದ ಒಂದು ಪಕ್ಷದಲ್ಲಿ ನಿಂತವರು ನೈಟಿಂಗೇಲ್ ಅವರೇ ಎಂದರೆ ನಿಮಗೆ ಆಶ್ಚರ್ಯವಾದೀತು.

1854ರ ನವೆಂಬರಿನಲ್ಲಿ ಕ್ರಿಮಿಯಾ ಯುದ್ಧದ ಗಾಯಾಳುಗಳಿಗಾಗಿ ಆಕೆ ತುರ್ಕಿಯ ಸ್ಕುಟಾರಿ ಆಸ್ಪತ್ರೆಗೆ ಹೋದಾಗ ಜೊತೆಗಿದ್ದ 38 ಮಹಿಳೆಯರಲ್ಲಿ 10 ಮಂದಿ ಕಥೋಲಿಕ ಕನ್ಯಾಸ್ತ್ರೀಯರು. ದೀಪ ಹಿಡಿದ ಮಹಿಳೆಯ ಚಿತ್ರ ನಮಗೆಲ್ಲ ಗೊತ್ತು. ಆದರೆ ಆಕೆಯ ಇನ್ನೊಂದು ಕೈಯಲ್ಲಿ ಲೆಕ್ಕದ ಪುಸ್ತಕವಿತ್ತು. ಸತ್ತವರೆಷ್ಟು, ಯಾವ ತಿಂಗಳಲ್ಲಿ, ಯಾವ ಕಾರಣದಿಂದ ಎಂಬುದನ್ನು ಆಕೆ ಅಂಕಿಸಂಖ್ಯೆಗಳಲ್ಲಿ ಹಿಡಿದಿಟ್ಟು, ಗುಂಡೇಟಿಗಿಂತ ಕೊಳಕಿನಿಂದ ಬಂದ ರೋಗಗಳೇ ಹೆಚ್ಚು ಸೈನಿಕರನ್ನು ಕೊಂದವೆಂದು ಸರ್ಕಾರದ ಮುಂದೆ ಇಟ್ಟರು. ಮನೆಯಲ್ಲಿ ರೋಗಿಗಳನ್ನು ನೋಡಿಕೊಳ್ಳುವವರಿಗಾಗಿ ಬರೆದ ತಮ್ಮ ಪುಸ್ತಕದಲ್ಲಿ ಆಡಳಿತಕ್ಕೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟರು. ಅದರ ತಾತ್ಪರ್ಯ ಇಷ್ಟು: ನೀನು ಇರುವಾಗ ಮಾಡುವ ಕೆಲಸ ನೀನು ಇಲ್ಲದಾಗಲೂ ನಡೆಯುವಂತೆ ಏರ್ಪಾಡು ಮಾಡದಿದ್ದರೆ, ನೀನೆಷ್ಟು ದುಡಿದರೂ ರೋಗಿಗೆ ಪ್ರಯೋಜನವಿಲ್ಲ. ನಮ್ಮ ಕೆಲವು ಆಸ್ಪತ್ರೆಗಳ ಮೇಲ್ವಿಚಾರಕರ ಕೋಣೆಯಲ್ಲಿ ದೀಪದ ಚಿತ್ರದ ಬದಲು ಈ ಅಧ್ಯಾಯವನ್ನು ತೂಗುಹಾಕಿದ್ದರೆ ಚೆನ್ನಾಗಿತ್ತು.

ಇಂತಹ ನೈಟಿಂಗೇಲ್, ದಾದಿಯರ ಹೆಸರುಗಳನ್ನು ಸರ್ಕಾರಿ ದಾಖಲೆಯಲ್ಲಿ ನೋಂದಾಯಿಸಬೇಕೆಂಬ ಬೇಡಿಕೆಯನ್ನು ವಿರೋಧಿಸಿದರು. ಒಳ್ಳೆಯ ದಾದಿಯ ಗುಣ ಅವಳ ಶೀಲದಲ್ಲಿದೆ, ಅದನ್ನು ಲಿಖಿತ ಪರೀಕ್ಷೆಯಿಂದ ಅಳೆಯಲಾಗದು ಎಂಬುದು ಅವರ ವಾದ. ಎದುರು ಪಕ್ಷದಲ್ಲಿದ್ದವರು ಎಥೆಲ್ ಬೆಡ್‌ಫರ್ಡ್ ಫೆನ್ವಿಕ್. 1887ರಲ್ಲಿ ಬ್ರಿಟಿಷ್ ದಾದಿಯರ ಸಂಘವನ್ನು ಕಟ್ಟಿದ ಈಕೆಯ ವಾದ ಸರಳ: ತರಬೇತಿ ಪಡೆದವಳು ಯಾರು, ಪಡೆಯದೆ ಸಮವಸ್ತ್ರ ತೊಟ್ಟವಳು ಯಾರು ಎಂದು ಹಾಸಿಗೆಯಲ್ಲಿ ಮಲಗಿದ ರೋಗಿಗೆ ತಿಳಿಯುವುದು ಹೇಗೆ? ತಪ್ಪು ಮಾಡಿದವಳು ಈ ಊರು ಬಿಟ್ಟು ಮುಂದಿನ ಊರಿನಲ್ಲಿ ಕೆಲಸಕ್ಕೆ ಸೇರಿದರೆ ತಡೆಯುವವರು ಯಾರು? ಹೆಸರನ್ನು ದಾಖಲೆಗೆ ಸೇರಿಸುವ ಅಧಿಕಾರವಿದ್ದರೆ ತಾನೇ ಅಳಿಸುವ ಅಧಿಕಾರವೂ ಇರುವುದು? ಜಗಳ ಮೂವತ್ತು ವರ್ಷ ನಡೆಯಿತು. ನ್ಯೂಜಿಲೆಂಡ್ ದೇಶ 1901ರಲ್ಲಿಯೇ ದಾದಿಯರ ನೋಂದಣಿಗಾಗಿ ಕಾಯಿದೆ ಮಾಡಿತು. ಬ್ರಿಟನ್ನಿನಲ್ಲಿ ಕಾಯಿದೆ ಬಂದದ್ದು 1919ರ ಡಿಸೆಂಬರಿನಲ್ಲಿ, ನೈಟಿಂಗೇಲ್ ತೀರಿಕೊಂಡು ಒಂಬತ್ತು ವರ್ಷಗಳ ಮೇಲೆ. ಅಲ್ಲಿನ ನೋಂದಣಿ ಪುಸ್ತಕದ ಮೊದಲ ಹೆಸರು ಫೆನ್ವಿಕ್ ಅವರದು. ಈ ವಿಷಯದಲ್ಲಿ ನಾನು ಫೆನ್ವಿಕ್ ಅವರ ಪಕ್ಷ. ಶೀಲವನ್ನು ಪರೀಕ್ಷೆ ಅಳೆಯದೆಂಬುದು ನಿಜ. ಆದರೆ ಔಷಧದ ಪ್ರಮಾಣವನ್ನು ಶೀಲ ಲೆಕ್ಕ ಹಾಕುವುದಿಲ್ಲ.

ನಮ್ಮ ನಾಡಿಗೆ ಬಂದರೆ, ಮಂಗಳೂರಿನ ಕಂಕನಾಡಿಯಲ್ಲಿ ಯೇಸುಸಭೆಯ ಫಾದರ್ ಅಗಸ್ಟಸ್ ಮುಲ್ಲರ್ 1880ರಲ್ಲಿ, ಬೆಂಗಳೂರಿನಲ್ಲಿ ಗುಡ್ ಶೆಫರ್ಡ್ ಸೋದರಿಯರು 1886ರಲ್ಲಿ ಸೇವೆ ಆರಂಭಿಸಿದಾಗ ದಾದಿಯರಿಗೆ ಕಾಯಿದೆ ಎಂಬುದೇ ಇರಲಿಲ್ಲ. 1908ರಲ್ಲಿ ಭಾರತದ ತರಬೇತಿ ಪಡೆದ ದಾದಿಯರ ಸಂಘ ಹುಟ್ಟಿತು. 1926ರಲ್ಲಿ ಮದರಾಸು ಪ್ರಾಂತ್ಯ ದಾದಿಯರ ಮತ್ತು ಸೂಲಗಿತ್ತಿಯರ ಕಾಯಿದೆಯನ್ನು ಮಾಡಿತು. ಅಂದು ಮಂಗಳೂರು ಆ ಪ್ರಾಂತ್ಯಕ್ಕೆ ಸೇರಿತ್ತು. 1946ರ ಭೋರ್ ಸಮಿತಿ ಲೆಕ್ಕ ಹಾಕಿದಾಗ ಇಡೀ ದೇಶದಲ್ಲಿದ್ದ ದಾದಿಯರು ಸುಮಾರು 7,000. ಅಂದರೆ 43,000 ಜನರಿಗೆ ಒಬ್ಬಳು. ಅವರಲ್ಲಿ ಬಹುಪಾಲು ಮಿಷನ್ ಆಸ್ಪತ್ರೆಗಳಲ್ಲಿ ಕಲಿತ ಕ್ರೈಸ್ತ ಹೆಣ್ಣುಮಕ್ಕಳು. ಸ್ವಾತಂತ್ರ್ಯ ಬಂದ ವರ್ಷವೇ, 1947ರಲ್ಲಿ, ಭಾರತೀಯ ನರ್ಸಿಂಗ್ ಪರಿಷತ್ತಿನ ಕಾಯಿದೆ ಬಂದಿತು. ನಮ್ಮ ರಾಜ್ಯದ ದಾದಿಯರ, ಸೂಲಗಿತ್ತಿಯರ ಮತ್ತು ಆರೋಗ್ಯ ಸಂದರ್ಶಕಿಯರ ಕಾಯಿದೆ 1961ರದು.

ಕಾಯಿದೆ ಇದ್ದೂ ಅದನ್ನು ಕಡೆಗಣಿಸಿದರೆ ಏನಾಗುತ್ತದೆ ಎಂಬುದಕ್ಕೆ ಸರ್ವೋಚ್ಚ ನ್ಯಾಯಾಲಯದ ದಾಖಲೆಯಲ್ಲಿರುವ ಒಂದು ಪ್ರಕರಣವನ್ನು ನಿಮ್ಮ ಮುಂದಿಡುತ್ತೇನೆ. ಓದಲು ಕಷ್ಟವಾಗುತ್ತದೆ, ಆದರೂ ಓದಿ.

1993ರ ಡಿಸೆಂಬರ್ 24ರಂದು, ಕ್ರಿಸ್ತಜಯಂತಿಯ ಹಿಂದಿನ ದಿನ, ದೆಹಲಿ ಪರಿಸರದ ಸ್ಪ್ರಿಂಗ್ ಮೆಡೋಸ್ ಎಂಬ ಖಾಸಗಿ ಆಸ್ಪತ್ರೆಗೆ ತಂದೆತಾಯಿ ತಮ್ಮ ಪುಟ್ಟ ಮಗನನ್ನು ಸೇರಿಸಿದರು. ರೋಗ ಟೈಫಾಯ್ಡ್ ಎಂದು ವೈದ್ಯರು ಹೇಳಿದರು. ಡಿಸೆಂಬರ್ 30ರಂದು ದಾದಿಯೊಬ್ಬಳು ತಂದೆಗೆ ಚೀಟಿ ಕೊಟ್ಟು ಚುಚ್ಚುಮದ್ದು ತರಿಸಿದಳು. ಅದನ್ನು ಮಗುವಿನ ರಕ್ತನಾಳಕ್ಕೆ ಕೊಟ್ಟ ಕೂಡಲೇ ಮಗು ತಾಯಿಯ ತೊಡೆಯ ಮೇಲೆಯೇ ಕುಸಿಯಿತು. ವೈದ್ಯರು ಬರೆದಿದ್ದದ್ದು ಕ್ಲೋರಾಂಫೆನಿಕಾಲ್. ಮಗುವಿನ ಮೈ ಸೇರಿದ್ದು ಮಲೇರಿಯಾಕ್ಕೆ ಕೊಡುವ ಲಾರಿಯಾಗೋ. ಹೃದಯ ನಿಂತು ಹೋಗಿ, ಮತ್ತೆ ಮಿಡಿಯುವಷ್ಟರಲ್ಲಿ ಮಿದುಳಿಗೆ ಸರಿಪಡಿಸಲಾಗದ ಹಾನಿಯಾಗಿತ್ತು. ವಿಚಾರಣೆಯಲ್ಲಿ ಹೊರಬಿದ್ದ ಸಂಗತಿ: ಆ ದಾದಿಯ ಹೆಸರು ಯಾವ ರಾಜ್ಯದ ನರ್ಸಿಂಗ್ ಪರಿಷತ್ತಿನಲ್ಲಿಯೂ ನೋಂದಣಿಯಾಗಿರಲಿಲ್ಲ. ಫೆನ್ವಿಕ್ ನೂರು ವರ್ಷ ಮೊದಲು ಕೇಳಿದ ಪ್ರಶ್ನೆಯೇ ಇದು.

ಆದರೆ ನ್ಯಾಯಾಲಯ ಆ ದಾದಿಯೊಬ್ಬಳನ್ನು ಬೆರಳು ಮಾಡಿ ತೋರಿಸಿ ಕೈತೊಳೆದುಕೊಳ್ಳಲಿಲ್ಲ. ತಾನೇ ಕೊಡಬೇಕಾಗಿದ್ದ ಚುಚ್ಚುಮದ್ದನ್ನು ಅವಳಿಗೆ ಬಿಟ್ಟುಕೊಟ್ಟ ವೈದ್ಯನ ನಿರ್ಲಕ್ಷ್ಯವನ್ನು ಎತ್ತಿ ಹೇಳಲಾಯಿತು. ಅರ್ಹತೆಯಿಲ್ಲದವಳನ್ನು ನೇಮಿಸಿಕೊಂಡ ಆಸ್ಪತ್ರೆಯನ್ನೇ ಹೊಣೆ ಮಾಡಲಾಯಿತು. ರಾಷ್ಟ್ರೀಯ ಗ್ರಾಹಕ ಆಯೋಗ ಮಗುವಿಗೆ 12.5 ಲಕ್ಷ, ಹೆತ್ತವರ ಮನೋವೇದನೆಗೆ 5 ಲಕ್ಷ ರೂಪಾಯಿ ಪರಿಹಾರ ವಿಧಿಸಿತ್ತು. 1998ರ ಮಾರ್ಚ್ 25ರಂದು ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಸದುದ್ದೇಶದಿಂದ ಆದ ತಪ್ಪು ಎಂಬ ಸಮಜಾಯಿಷಿಯನ್ನು ಕೆಲವು ಸಂದರ್ಭಗಳಲ್ಲಿ ಒಪ್ಪಬಹುದಾದರೂ, ನಿರ್ಲಕ್ಷ್ಯಕ್ಕೆ ಸಮನಾದ ತಪ್ಪನ್ನು ಕ್ಷಮಿಸಲಾಗದೆಂದು ಅದು ಸ್ಪಷ್ಟಪಡಿಸಿತು. ಪಾಪಕ್ಷಮೆಯ ಸಂಸ್ಕಾರವನ್ನು ನೀಡುವ ನನ್ನಂತಹ ಯಾಜಕನಿಗೆ ಈ ಮಾತು ಕಠಿಣವಾಗಿ ಕೇಳಿಸಬೇಕಾಗಿತ್ತು. ಕೇಳಿಸಲಿಲ್ಲ. ನಮ್ಮ ಸಂಸ್ಕಾರದಲ್ಲಿಯೂ ಪಾಪವನ್ನು ಹೆಸರಿಟ್ಟು ಹೇಳದೆ, ಪ್ರಾಯಶ್ಚಿತ್ತವಿಲ್ಲದೆ ಮುಗಿಸುವುದಿಲ್ಲವಲ್ಲ.

‘ಅದು ಹಣ ಮಾಡುವ ಖಾಸಗಿ ಆಸ್ಪತ್ರೆ, ನಮ್ಮದು ಬಡವರಿಗಾಗಿ ಇರುವ ಸಂಸ್ಥೆ’ ಎಂದು ನಮ್ಮಲ್ಲಿ ಕೆಲವರು ಹೇಳಬಹುದು. ಇದಕ್ಕೂ ಉತ್ತರ ಸಿಕ್ಕಿದೆ. 1995ರ ನವೆಂಬರ್ 13ರಂದು ವಿ. ಪಿ. ಶಾಂತಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ವೈದ್ಯಕೀಯ ಸೇವೆಯನ್ನು ಗ್ರಾಹಕ ಸಂರಕ್ಷಣಾ ಕಾಯಿದೆಯೊಳಗೆ ತಂದಿತು. ಎಲ್ಲರಿಗೂ ಪೂರ್ತಿ ಉಚಿತವಾಗಿ ಸೇವೆ ನೀಡುವ ಆಸ್ಪತ್ರೆಗಳನ್ನು ಮಾತ್ರ ಹೊರಗಿಟ್ಟಿತು. ಕೆಲವರಿಂದ ಹಣ ಪಡೆದು ಬಡವರಿಗೆ ಉಚಿತವಾಗಿ ನೋಡುವ ಆಸ್ಪತ್ರೆಯಾದರೆ, ಹಣ ಕೊಟ್ಟವನಿಗಿರುವ ಹಕ್ಕೇ ಉಚಿತ ವಾರ್ಡಿನ ಬಡವನಿಗೂ ಇದೆ ಎಂದಿತು. ನಮ್ಮ ಬಹುತೇಕ ಆಸ್ಪತ್ರೆಗಳು ಈ ಎರಡನೆಯ ಬಗೆಯವು. ಬಡವನು ದಯೆಯ ಪಾತ್ರ ಮಾತ್ರವಲ್ಲ, ಪ್ರಶ್ನೆ ಕೇಳಬಲ್ಲ ಮನುಷ್ಯ ಎಂಬುದನ್ನು ನ್ಯಾಯಾಲಯ ನಮಗೆ ನೆನಪಿಸಬೇಕಾಯಿತು.

ಅದೇ 1995ರ ಫೆಬ್ರವರಿಯಲ್ಲಿ, ಪಂಜಾಬಿನ ಲೂಧಿಯಾನದ ಪ್ರಸಿದ್ಧ ಕ್ರೈಸ್ತ ಆಸ್ಪತ್ರೆಯೊಂದರಲ್ಲಿ ನಡೆದದ್ದನ್ನೂ ಕೇಳಿ. ರಾತ್ರಿ ಸುಮಾರು 11 ಗಂಟೆಗೆ ವೃದ್ಧ ರೋಗಿಯೊಬ್ಬರಿಗೆ ಉಸಿರಾಟದ ತೊಂದರೆಯಾಯಿತು. ಮಗ ದಾದಿಗೆ ತಿಳಿಸಿದ. ದಾದಿ ವೈದ್ಯರಿಗೆ ಕರೆ ಕಳುಹಿಸಿದಳು. ದೂರಿನ ಪ್ರಕಾರ 20-25 ನಿಮಿಷ ಯಾರೂ ಬರಲಿಲ್ಲ. ಬಂದ ಮೇಲೆ ಆಮ್ಲಜನಕದ ಮುಖವಾಡ ಜೋಡಿಸಿದರೆ ಸಿಲಿಂಡರ್ ಖಾಲಿ! ಅದೇ ಮಗ ಪಕ್ಕದ ಕೋಣೆಯಿಂದ ಸಿಲಿಂಡರ್ ಹೊತ್ತು ತಂದ. ಅದನ್ನು ಜೋಡಿಸುವಷ್ಟರಲ್ಲಿ ರೋಗಿಯ ಪ್ರಾಣ ಹೋಗಿತ್ತು. ಈ ಪ್ರಕರಣದಲ್ಲಿ 2005ರ ಆಗಸ್ಟ್ 5ರಂದು ತೀರ್ಪಿತ್ತ ಸರ್ವೋಚ್ಚ ನ್ಯಾಯಾಲಯ, ವೈದ್ಯರ ಮೇಲಿನ ಕ್ರಿಮಿನಲ್ ಆರೋಪವನ್ನು ರದ್ದುಪಡಿಸಿತು. ಸಿಲಿಂಡರ್ ಸಿಗದಿದ್ದುದಕ್ಕೆ ಅಥವಾ ಖಾಲಿಯಿದ್ದುದಕ್ಕೆ ಆಸ್ಪತ್ರೆ ಸಿವಿಲ್ ಹೊಣೆ ಹೊರಬೇಕಾದೀತು ಎಂದಿತು. ಸಿಲಿಂಡರ್ ತುಂಬಿದೆಯೇ ಎಂದು ಪ್ರತಿ ಪಾಳಿಯಲ್ಲಿ ನೋಡಬೇಕಾದವರು ಯಾರೆಂದು ಗೋಡೆಯ ಮೇಲೆ ಬರೆದು ಹಾಕುವುದು ಒಂದು ಹಾಳೆಯ ಕೆಲಸ. ಆ ಹಾಳೆಯನ್ನು ಬರೆಯಬೇಕಾದದ್ದು ಆಡಳಿತ.

ಇಲ್ಲಿಯವರೆಗೆ ರೋಗಿಗೆ ಸಲ್ಲಬೇಕಾದ ಲೆಕ್ಕವನ್ನು ಹೇಳಿದೆ. ದಾದಿಗೆ ಸಲ್ಲಬೇಕಾದದ್ದೂ ಒಂದಿದೆ, ಮತ್ತು ನಮ್ಮ ಮನೆಗಳ ಹೆಣ್ಣುಮಕ್ಕಳಿಗೆ ಅದು ನೇರವಾಗಿ ತಟ್ಟುತ್ತದೆ. ಬೋಧನಾ ಆಸ್ಪತ್ರೆಗಳಲ್ಲಿ 3 ಹಾಸಿಗೆಗಳಿಗೆ, ಇತರ ಸಾಮಾನ್ಯ ಆಸ್ಪತ್ರೆಗಳಲ್ಲಿ 5 ಹಾಸಿಗೆಗಳಿಗೆ ಒಬ್ಬ ದಾದಿ, ರಜೆಯ ಭರ್ತಿಗೆ ಶೇಕಡ 30ರಷ್ಟು ಹೆಚ್ಚುವರಿ ಎಂಬುದು ನರ್ಸಿಂಗ್ ಪರಿಷತ್ತಿನ ಮಾನದಂಡ. ರಾತ್ರಿ ಹೊತ್ತು ಆಸ್ಪತ್ರೆಗೆ ಹೋಗಿ ಬಂದ ಯಾರಾದರೂ ಎಣಿಸಿ ನೋಡಿರಬಹುದು. ದಾದಿಯರ ಸಂಘ ಹೂಡಿದ ಮೊಕದ್ದಮೆಯಲ್ಲಿ 2016ರ ಜನವರಿ 29ರಂದು ಸರ್ವೋಚ್ಚ ನ್ಯಾಯಾಲಯ ಖಾಸಗಿ ಆಸ್ಪತ್ರೆಗಳ ದಾದಿಯರ ಸ್ಥಿತಿಯನ್ನು ಪರಿಶೀಲಿಸಲು ಸಮಿತಿ ರಚಿಸುವಂತೆ ಆದೇಶಿಸಿತು. 50ಕ್ಕಿಂತ ಕಡಿಮೆ ಹಾಸಿಗೆಯ ಆಸ್ಪತ್ರೆಯಲ್ಲಿಯೂ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಸಂಬಳ ಇರಬಾರದು, 200ಕ್ಕಿಂತ ಹೆಚ್ಚು ಹಾಸಿಗೆಯಿದ್ದರೆ ಸರ್ಕಾರಿ ದಾದಿಗೆ ಸಮನಾಗಿ ಕೊಡಬೇಕು ಎಂದು ಆ ಸಮಿತಿ ಶಿಫಾರಸು ಮಾಡಿತು. ಇದು ಶಿಫಾರಸು, ಕಾಯಿದೆಯಲ್ಲ. ಇಂತಹ ಸಂದರ್ಭದಲ್ಲಿಯೇ ‘ಸೇವೆ’ ಎಂಬ ನಮ್ಮ ಪವಿತ್ರ ಶಬ್ದ ಕಡಿಮೆ ಸಂಬಳಕ್ಕೆ ಹೊದಿಸಿದ ಜರಿಯ ಶಾಲಾಗುವ ಅಪಾಯವಿದೆ. ಮೂರು ಜನರ ಕೆಲಸವನ್ನು ಒಬ್ಬಳ ಮೇಲೆ ಹೇರಿ, ತಪ್ಪಾದಾಗ ಅವಳೊಬ್ಬಳೇ ಉತ್ತರ ಹೇಳಲಿ ಎಂದು ಹಿಂದೆ ಸರಿಯುವ ಆಡಳಿತ, ಅದು ಯಾರದೇ ಆಗಿರಲಿ, ಛತ್ರದವನಿಗೆ ನಾಣ್ಯ ಕೊಡದೆ ಗಾಯಾಳುವನ್ನು ಬಿಟ್ಟುಹೋದಂತೆ.

ಇನ್ನೊಂದು ಸಂಗತಿಯನ್ನು ಹೆತ್ತವರು ತಿಳಿದಿರಬೇಕು. 1947ರ ಕಾಯಿದೆಯ ಜಾಗಕ್ಕೆ ಸಂಸತ್ತು 2023ರಲ್ಲಿ ರಾಷ್ಟ್ರೀಯ ನರ್ಸಿಂಗ್ ಮತ್ತು ಸೂಲಗಿತ್ತಿ ಆಯೋಗದ ಕಾಯಿದೆಯನ್ನು ಅಂಗೀಕರಿಸಿತು. ವೃತ್ತಿನೀತಿ ಮತ್ತು ನೋಂದಣಿಗಾಗಿಯೇ ಒಂದು ಮಂಡಳಿ ಅದರಲ್ಲಿದೆ. ಅದೇ ವರ್ಷ ಅಂಗೀಕಾರವಾಗಿ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಮು, ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ ಐದು ವರ್ಷಗಳವರೆಗೆ ಸೆರೆವಾಸ ಎನ್ನುತ್ತದೆ. ಹಳೆಯ ದಂಡಸಂಹಿತೆಯಲ್ಲಿ ಇದು ಎಲ್ಲರಿಗೂ ಎರಡು ವರ್ಷಗಳವರೆಗೆ ಇತ್ತು. ಹೊಸ ಸಂಹಿತೆ ಚಿಕಿತ್ಸೆ ನೀಡುವ ನೋಂದಾಯಿತ ವೈದ್ಯರಿಗೆ ಆ ಎರಡು ವರ್ಷಗಳ ಮಿತಿಯನ್ನೇ ಉಳಿಸಿಕೊಟ್ಟಿದೆ. ಆದರೆ ನೋಂದಾಯಿತ ವೈದ್ಯರು ಯಾರೆಂದು ಅದು ಕೊಟ್ಟಿರುವ ವಿವರಣೆಯಲ್ಲಿ ವೈದ್ಯಕೀಯ ಆಯೋಗದ ಕಾಯಿದೆಯ ಪದವೀಧರರು ಮಾತ್ರ ಇದ್ದಾರೆ. ದಾದಿಯ ಹೆಸರು ಅಲ್ಲಿಲ್ಲ. ಒಂದೇ ಹಾಸಿಗೆಯ ಬಳಿ, ಒಂದೇ ರಾತ್ರಿ, ಒಂದೇ ಬಗೆಯ ತಪ್ಪಿಗೆ ಇಬ್ಬರಿಗೆ ಎರಡು ಅಳತೆ. ಇದು ನ್ಯಾಯವೆಂದು ನನಗೆ ಕಾಣುವುದಿಲ್ಲ, ನಮ್ಮ ಆಸ್ಪತ್ರೆಗಳ ಸಂಘಗಳೂ ದಾದಿಯರ ಸಂಘಗಳೂ ಕೂಡಿ ಕೇಳಬೇಕಾದ ಪ್ರಶ್ನೆ ಇದು.

ಅಷ್ಟರವರೆಗೆ, ಮಗಳು ರಾತ್ರಿ ಪಾಳಿ ಮುಗಿಸಿ ಮನೆಗೆ ಬಂದಾಗ ಒಂದು ಮಾತು ಕೇಳಿ. ವೈದ್ಯರಿಗೆ ಕರೆ ಮಾಡಿದ ಗಂಟೆಯನ್ನೂ, ಅವರು ಬಂದ ಗಂಟೆಯನ್ನೂ, ಫೋನಿನಲ್ಲಿ ಹೇಳಿದ ಔಷಧದ ಹೆಸರನ್ನೂ ಆಕೆ ದಾಖಲೆಯಲ್ಲಿ ತನ್ನ ಕೈಯಿಂದಲೇ ಬರೆದಿದ್ದಾಳೆಯೇ? ಬರೆಯಲು ಆಕೆಗೆ ಐದು ನಿಮಿಷ ಬಿಡುವು ಸಿಕ್ಕಿತ್ತೇ?